ಬಚ್ಚಲಿಂದ ಕಿತ್ತ ಅರ್ಧ ಅಡಿ

ಮೊದಲೇ ಹೇಳಿಬಿಡ್ತೀನಿ, ತಪ್ಪು ನಂದೇ. ಗುಬ್ಬಿಯ ಆ ಮನೆಯ ಪಡುವಣ ಗೋಡೆಯನ್ನು ಎರಡು ಸಲ ಯಾಕೆ ಕಟ್ಟಿದ್ರಿ ಅಂತ ಕೇಳಿದವರಿಗೆಲ್ಲ ನಮ್ಮ ಇಂಜಿನಿಯರ್ ಮೇಡಂ "ಪ್ಲಾನ್ ಸ್ವಲ್ಪ ಚೇಂಜ್ ಆಯ್ತು" ಅಂತ ಹೇಳಿ ನನ್ನ ಮಾನ ಕಾಪಾಡಿದರು. ಪ್ಲಾನ್ ತನ್ನಷ್ಟಕ್ಕೆ ತಾನೇನೂ ಚೇಂಜ್ ಆಗಿರಲಿಲ್ಲ. ಚೇಂಜ್ ಮಾಡಿದ ಮಹಾನುಭಾವ ನಾನು. ಅದೂ ಯಾರಿಗೂ ಹೇಳದೆ, ಬೆಳಗ್ಗೆ ಏಳು ಗಂಟೆಗೆ, ಎರಡು ಗೂಟ ಕಿತ್ತು ಅರ್ಧ ಅಡಿ ಒಳಗೆ ಹೊಡೆದು.

ನಾನು ಗಾರೆ ಮೇಸ್ತ್ರಿ. ಊರು ಕುಣಿಗಲ್ ತಾಲೂಕು, ಹುತ್ರಿದುರ್ಗದ ಬೆಟ್ಟದ ಬುಡ. ಮನೆ ಕಟ್ಟಿಸ್ತಾ ಇದ್ದವರು ಗುಬ್ಬಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವ ಟೀಚರಮ್ಮ. ಹನ್ನೆರಡು ವರ್ಷದ ಹಿಂದೆ ಒಂದು ಅಪಘಾತದಲ್ಲಿ ಅವರಿಗೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿಹೋಗಿತ್ತು. ಆವತ್ತಿಂದ ವೀಲ್‌ಚೇರ್. ಅದರಲ್ಲೇ ಸ್ಕೂಲಿಗೆ ಹೋಗ್ತಾರೆ, ಪಾಠ ಮಾಡ್ತಾರೆ, ಮಕ್ಕಳನ್ನ ಗದರಿಸ್ತಾರೆ, ಸಂಜೆ ಪೇಪರ್ ತಿದ್ದುತಾರೆ. ಮನೇಲಿ ಜೊತೆಗಿರೋದು ಅವರ ತಾಯಿ ಒಬ್ಬರೇ. ನಾವೆಲ್ಲ ಅವರನ್ನ ಅಜ್ಜಿ ಅಂತಲೇ ಕರೆಯೋದು.

ಕೆಲಸ ಒಪ್ಪಿಕೊಳ್ಳೋಕೆ ಅವರ ಬಾಡಿಗೆ ಮನೆಗೆ ಹೋದಾಗ, ಎಲ್ಲರನ್ನೂ ಕೇಳೋ ಹಾಗೆ "ಏನೇನು ಬೇಕು ಹೇಳಿ" ಅಂದೆ. ಜನ ಸಾಮಾನ್ಯವಾಗಿ ಹಾಲ್ ದೊಡ್ಡದಿರಲಿ, ದೇವರ ಮನೆ ಇಂಥಾ ಮೂಲೇಲಿರಲಿ, ಮುಂದೆ ಎರಡು ಕಂಬ ಇರಲಿ ಅಂತಾರೆ. ಟೀಚರಮ್ಮ ಕುರ್ಚಿ ತಿರುಗಿಸಿಕೊಂಡು ಸೀದಾ ನನ್ನನ್ನ ಬಚ್ಚಲು ಮನೆ ಹತ್ರ ಕರ್ಕೊಂಡು ಹೋದರು. ಬಾಗಿಲು ಎರಡಡಿ ಇರಬಹುದು. ಮುಂದೆ ಒಂದು ಮೆಟ್ಟಿಲು. ಕುರ್ಚಿ ಹೊರಗೇ ನಿಲ್ಲಬೇಕು.

"ಇಲ್ಲಿಂದ ನನ್ನನ್ನ ಅಮ್ಮ ಎತ್ಕೊಂಡು ಹೋಗ್ಬೇಕು ಮೇಸ್ತ್ರಿ. ಹೋಗೋಕೂ ಕೂಗ್ಬೇಕು, ಬರೋಕೂ ಕೂಗ್ಬೇಕು. ಬಾಗ್ಲು ತೆಗ್ದೇ ಇರುತ್ತೆ. ನಂಗೆ ಮೂವತ್ತೇಳು ವಯಸ್ಸು. ಅಮ್ಮಂಗೆ ಎಪ್ಪತ್ತು ಹತ್ರ ಬಂತು, ಸೊಂಟ ನೋವು. ಹೊಸ ಮನೇಲಿ ಬೇರೇನೂ ಕೇಳಲ್ಲ. ನಾನೇ ಒಳಗೆ ಹೋಗ್ಬೇಕು. ಬಾಗ್ಲು ಹಾಕಿ, ಒಳಗಿಂದ ಚಿಲಕ ಹಾಕ್ಕೋಬೇಕು. ನಾನೇ ಕುರ್ಚಿ ತಿರುಗಿಸ್ಕೊಂಡು ಹೊರಗೆ ಬರ್ಬೇಕು."

"ಅಷ್ಟೇ ತಾನೆ, ಬಿಡಿ ಟೀಚರಮ್ಮ" ಅಂದುಬಿಟ್ಟೆ. ಚಿಲಕ ಹಾಕಿಕೊಡೋದು ಎಷ್ಟರ ಕೆಲಸ ಅನ್ನೋ ಧಿಮಾಕು ನಂದು.

ಪ್ಲಾನ್ ಮಾಡಿದ್ದು ತುಮಕೂರಿನ ಹುಡುಗಿ. ಹುಡುಗಿ ಅನ್ನಬಾರದು, ಇಂಜಿನಿಯರ್ ಮೇಡಂ. ಅವರ ತಂದೆ ಸಾಹೇಬರ ಹಾರ್ಡ್‌ವೇರ್ ಅಂಗಡೀಲೇ ನಾನು ಗಾರೆ ಬಳಿಯೋಕೆ ನನ್ನ ಮೊದಲನೇ ಕರಣೆ ಕೊಂಡಿದ್ದು. ಆಗ ಈ ಮೇಡಂ ಅಂಗಡಿ ಕೌಂಟರ್ ಮೇಲೆ ಕೂತು ಮೊಳೆ ಎಣಿಸ್ತಾ ಇತ್ತು. ಈಗ ಕೈಯಲ್ಲಿ ಲೇಸರ್ ಟೇಪು, ಫೋನಲ್ಲಿ ಇಡೀ ಮನೆ. ಅವರು ಒಬ್ಬರೇ ನಿಂತು ಮಾಡಿಸ್ತಾ ಇದ್ದ ಮೊದಲನೇ ಸೈಟು ಇದು. ಬಂದ ಮೊದಲ ದಿನವೇ ನನಗೆ ಮೂರು ಕಂಡೀಷನ್ ಹಾಕಿದರು. ಸುಟ್ಟ ಇಟ್ಟಿಗೆ ಬೇಡ, ಪಾಯ ತೋಡಿದ ಮಣ್ಣಲ್ಲೇ ಇಟ್ಟಿಗೆ ಒತ್ತಬೇಕು. ಗೋಡೆಗೆ ಪ್ಲಾಸ್ಟರ್ ಇಲ್ಲ. ಇಟ್ಟಿಗೆ ಕೂರಿಸೋರಲ್ಲಿ ಹೆಂಗಸರೂ ಇರಬೇಕು, ಬರೀ ಗಾರೆ ಬಾಂಡ್ಲಿ ಹೊರೋಕೆ ಮಾತ್ರ ಅಲ್ಲ.

ಮೂರಕ್ಕೂ ಮುಖ ಗಂಟು ಹಾಕಿದೆ. ಅದರಲ್ಲೂ ಪ್ಲಾಸ್ಟರ್ ಇಲ್ಲ ಅನ್ನೋದನ್ನ ಒಪ್ಪೋಕೇ ಆಗಲಿಲ್ಲ. ಯಾಕೆ ಅಂತ ಯಾವ ಮೇಸ್ತ್ರಿನಾದ್ರೂ ಕೇಳಿ. ಗೋಡೆ ಅರ್ಧ ಇಂಚು ಆಚೆ ಈಚೆ ಹೋದರೆ ಅದನ್ನ ಮುಚ್ಚಿಹಾಕೋದೇ ಪ್ಲಾಸ್ಟರು. ಅದಿಲ್ಲ ಅಂದ್ರೆ ಬನಿಯನ್ ಹಾಕದೆ ಬೀದೀಲಿ ನಿಂತ ಹಾಗೆ.

ಮಣ್ಣಿನ ಇಟ್ಟಿಗೆ ಶುರುವಾದದ್ದು ಫಜೀತಿಯಿಂದಲೇ. ತೋಡಿದ ಕೆಂಪು ಮಣ್ಣನ್ನ ಜರಡಿ ಹಿಡಿದು, ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ, ಕೈಯಲ್ಲಿ ಒತ್ತೋ ಮಿಷನ್ನಿಗೆ ಹಾಕಿ ಒತ್ತಿದೆವು. ನೋಡೋಕೆ ಮೈಸೂರು ಪಾಕಿನ ಹಾಗೆ ಚೆನ್ನಾಗೇ ಬಂದವು. ನಾಲ್ಕನೇ ದಿನಕ್ಕೆ ಎಲ್ಲದರ ಮೇಲೂ ಕೂದಲೆಳೆ ಬಿರುಕು. ಒಂದನ್ನ ಎತ್ತಿದರೆ ಎರಡಾಯ್ತು.

"ನಾನ್ ಹೇಳ್ಲಿಲ್ವಾ" ಅಂತ ಬಾಯಿ ತೆಗೆದೆ. ಮೇಡಂ ಒಂದು ಖಾಲಿ ನೀರಿನ ಬಾಟಲಿಗೆ ಅರ್ಧ ಮಣ್ಣು, ಅರ್ಧ ನೀರು ಹಾಕಿ ಚೆನ್ನಾಗಿ ಕುಲುಕಿ ಕಟ್ಟೆ ಮೇಲೆ ಇಟ್ಟರು. ಮಾರನೇ ದಿನ ನೋಡಿದರೆ ಬಾಟಲಿ ಒಳಗೆ ಮರಳು ತಳದಲ್ಲಿ ಸ್ವಲ್ಪ, ಮೇಲೆಲ್ಲ ಜೇಡಿ. "ಜೇಡಿ ಜಾಸ್ತಿ ಮೇಸ್ತ್ರಿ, ಒಣಗ್ತಾ ಒಣಗ್ತಾ ಎಳ್ಕೊಳುತ್ತೆ" ಅಂದರು. ಒಂದು ಟ್ರ್ಯಾಕ್ಟರ್ ಕಲ್ಲಿನ ಕ್ರಷರ್ ಪುಡಿ ತರಿಸಿ, ಮೂರು ಪಾಲು ಮಣ್ಣಿಗೆ ಒಂದು ಪಾಲು ಬೆರೆಸಿದೆವು. ಒತ್ತಿದ ಇಟ್ಟಿಗೆಗೆ ಗೋಣಿತಾಟು ಹೊದಿಸಿ ಮೂರು ವಾರ ನೀರು ಹಿಡಿದೆವು. ಆಮೇಲೆ ಒಂದನ್ನ ತಲೆ ಎತ್ತರದಿಂದ ಬೇಕಂತಲೇ ಕೆಳಕ್ಕೆ ಬಿಟ್ಟೆ. ಮೂಲೆ ಕೂಡ ಒಡೆಯಲಿಲ್ಲ. ಒಳಗೊಳಗೇ ಖುಷಿಯಾಯ್ತು, ಹೊರಗೆ ಮಾತ್ರ "ಪರವಾಗಿಲ್ಲ" ಅಂದೆ.

ಇನ್ನು ಹೆಂಗಸರ ಮಾತು. ನಮ್ಮ ಗುಂಪಲ್ಲಿ ಇಪ್ಪತ್ತು ವರ್ಷದಿಂದ ಗಾರೆ ಹೊರೋ ಅಕ್ಕ ಒಬ್ಬರಿದ್ದಾರೆ, ಗುಬ್ಬಿ ಪಕ್ಕದ ಹಳ್ಳಿಯವರು. ಅವರ ಕೈಗೆ ಕರಣೆ ಕೊಟ್ಟೆ. ಮನಸ್ಸಲ್ಲಿ, ನಾಲ್ಕು ದಿನ ಆಡಿ ಬಿಡ್ತಾರೆ ಅಂತ. ಎರಡನೇ ವಾರಕ್ಕೆ ಅಕ್ಕ ಕೂರಿಸಿದ ಇಟ್ಟಿಗೆ ವರಸೆ ನನ್ನ ವರಸೆಗಿಂತ ನೆಟ್ಟಗೆ ಬರೋಕೆ ಶುರುವಾಯ್ತು. ಇಪ್ಪತ್ತು ವರ್ಷ ನಮ್ಮ ಸೊಟ್ಟ ಕೆಲಸವನ್ನ ಕೆಳಗೆ ನಿಂತು ನೋಡಿ ನೋಡಿ ಅವರಿಗೆ ಎಲ್ಲೆಲ್ಲಿ ತಪ್ಪುತ್ತೆ ಅಂತ ಬಾಯಿಪಾಠ ಆಗಿತ್ತು. ತೂಕದ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, "ಮೇಸ್ತ್ರಿ, ನಿಮ್ದು ಒಂಚೂರು ಹೊಟ್ಟೆ ಬಂದದೆ" ಅನ್ನೋರು. ಗೋಡೆಗೆ ಹೇಳಿದ್ದೋ ನನಗೆ ಹೇಳಿದ್ದೋ ಇವತ್ತಿಗೂ ಗೊತ್ತಿಲ್ಲ.

ಈಗ ಗೂಟದ ವಿಷಯಕ್ಕೆ ಬರ್ತೀನಿ. ಇದು ಪಾಯಕ್ಕಿಂತ ಮುಂಚಿನ ಮಾತು.

ಮಾರ್ಕಿಂಗಿಗೆ ಮೊದಲು ಮೇಡಂ ಒಂದು ಕೆಲಸ ಮಾಡಿದರು. ಭಾನುವಾರ ಸ್ಕೂಲಿನ ವರಾಂಡದಲ್ಲಿ ಸೀಮೆಸುಣ್ಣದಲ್ಲಿ ಬಚ್ಚಲು ಮನೇನ ಇದ್ದಿದ್ದು ಇದ್ದ ಹಾಗೆ ಅಳತೆಗೆ ಬರೆದರು. ಇಲ್ಲಿ ಕಮೋಡು, ಇಲ್ಲಿ ನಲ್ಲಿ, ಇಲ್ಲಿ ಬಾಗಿಲು. ಟೀಚರಮ್ಮ ಕುರ್ಚಿ ಓಡಿಸಿಕೊಂಡು ಗೆರೆ ಒಳಗೆ ಹೋಗಿ ಒಂದು ಸುತ್ತು ತಿರುಗಿದರು. ಚಕ್ರ ಗೆರೆ ಮುಟ್ಟಿತು. ಮೇಡಂ ಅಳಿಸಿ ಮೂರಿಂಚು ಜಾಸ್ತಿ ಮಾಡಿದರು. ಮತ್ತೆ ತಿರುಗಿದರು, ಮುಟ್ಟಲಿಲ್ಲ. "ಐದಡಿ ಮೂರಿಂಚು. ಇದು ಫೈನಲ್" ಅಂದರು ಮೇಡಂ. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತು ಇದನ್ನೆಲ್ಲ ಕಣ್ಣಾರೆ ನೋಡ್ತಾ ಇದ್ದೆ. ನೋಡಿಯೂ ಮಾಡಿದೆನಲ್ಲ, ಅದಕ್ಕೇ ಹೊಟ್ಟೆ ಉರಿಯೋದು.

ಮನೆ ಹೊರ ಅಳತೆ ಉದ್ದ ಇಪ್ಪತ್ತೊಂಬತ್ತು ಅಡಿ, ಅಗಲ ಇಪ್ಪತ್ತೆರಡು. ಮೇಡಂ ಫೋನ್ ನೋಡಿ ಮೀಟರಲ್ಲಿ ಇದ್ದದ್ದನ್ನ ಅಡಿ ಮಾಡಿ ಕೂಗಿದರು, ನಾನು ಟೇಪ್ ಹಿಡಿದು ನಾಲ್ಕು ಮೂಲೆಗೂ ಗೂಟ ಹೊಡೆದೆ. ಸಂಜೆ ಅವರು ತುಮಕೂರಿನ ಬಸ್ ಹತ್ತಿದರು. ಅಜ್ಜಿ ಸೆರಗು ಸರಿ ಮಾಡ್ಕೊಂಡು ಮೆಲ್ಲಗೆ ನನ್ನ ಹತ್ರ ಬಂದರು.

"ಮೇಸ್ತ್ರಿ, ಆಯ ನೋಡಿದ್ರೇನಪ್ಪ?"

ನಮ್ಮ ಕಡೆ ಆಯ ನೋಡದೆ ಯಾರೂ ಮನೆ ಕಟ್ಟಲ್ಲ. ಉದ್ದಕ್ಕೆ ಅಗಲ ಗುಣಿಸಬೇಕು, ಬಂದದ್ದನ್ನ ಒಂಬತ್ತರಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಉಳಿದದ್ದೇ ಆಯ. ಒಂದು ಉಳಿದರೆ ಧ್ವಜ, ಮೂರಾದರೆ ಸಿಂಹ, ಐದಾದರೆ ವೃಷಭ, ಏಳಾದರೆ ಗಜ. ಇವೆಲ್ಲ ಒಳ್ಳೇವು. ಸಮ ಸಂಖ್ಯೆ ಉಳಿದರೆ ಹೊಗೆ, ನಾಯಿ, ಕತ್ತೆ, ಕಾಗೆ. ಇವು ಆಗಿ ಬರಲ್ಲ ಅನ್ನೋ ನಂಬಿಕೆ. ಟೀಚರಮ್ಮ "ಆಯ ಗೀಯ ಏನೂ ಬೇಡ" ಅಂತ ಮೊದಲೇ ಖಡಾಖಂಡಿತ ಹೇಳಿದ್ದರು. ಆದರೆ ಅಜ್ಜಿ ಕೇಳ್ತಾ ಇದ್ದಾರೆ. ಮಗಳಿಗೆ ಆಗಬಾರದ್ದು ಒಂದು ಸಲ ಆಗಿಹೋಗಿರೋ ತಾಯಿ. ಜೇಬಿಂದ ಪೆನ್ಸಿಲ್ ತೆಗೆದು ಸಿಮೆಂಟ್ ಚೀಲದ ಮೇಲೆ ಲೆಕ್ಕ ಹಾಕಿದೆ.

ಆರು ಉಳೀತು. ಖರಾಯ. ಅಂದ್ರೆ ಕತ್ತೆ.

ಕತ್ತೆ ಅಂತ ಆ ತಾಯಿ ಮುಖ ನೋಡಿ ಹೆಂಗೆ ಹೇಳೋದು? "ಒಂಚೂರು ಹೊಂದಿಸ್ಬೇಕು ಅಜ್ಜಿ, ನಂಗ್ ಬುಡಿ" ಅಂದೆ. ಇಪ್ಪತ್ತೆಂಟೂವರೆ ಇಟ್ಟು ನೋಡಿದೆ. ಮೂರು ಉಳೀತು. ಅರ್ಧ ಅಡಿ ಕಿತ್ತರೆ ಕತ್ತೆ ಹೋಗಿ ಸಿಂಹ ಬರುತ್ತೆ! ಎಲ್ಲಿಂದ ಕೀಳೋದು? ಹಾಲ್ ಕಡೆಯಿಂದ ಕಿತ್ತರೆ ಗೊತ್ತಾಗುತ್ತೆ, ಅಡಿಗೆಮನೆ ಕಿತ್ತರೆ ಹೆಂಗಸರು ಬೈತಾರೆ. ನಮ್ಮ ಕಸುಬಲ್ಲಿ ಒಂದು ಕೆಟ್ಟ ರೂಢಿ ಇದೆ. ಮನೇಲಿ ಏನೇ ಕಡಿಮೆ ಬಿದ್ದರೂ ಬಚ್ಚಲಿಂದ ಕಿತ್ಕೋತೀವಿ. ಬಚ್ಚಲು ತಾನೆ, ನೀರು ಹುಯ್ಕೊಳ್ಳೋಕೆ ಎಷ್ಟು ಜಾಗ ಬೇಕು ಅಂತ. ಬಚ್ಚಲು ಪಡುವಣ ಕೊನೇಲಿತ್ತು. ಮಾರನೇ ದಿನ ಮೇಡಂ ಕುಣಿಗಲ್ಲಲ್ಲಿ ಅವರ ಸೀನಿಯರ್ ಮಾಡಿಸ್ತಿದ್ದ ಸೈಟಿಗೆ ಹೋಗಿದ್ದರು. ಬೆಳಗ್ಗೆ ಏಳಕ್ಕೇ ಬಂದು ಪಡುವಣದ ಎರಡು ಗೂಟ ಕಿತ್ತು ಅರ್ಧ ಅಡಿ ಒಳಕ್ಕೆ ಹೊಡೆದೆ, ಹಳೇ ತೂತಿಗೆ ಕಾಲಲ್ಲಿ ಮಣ್ಣು ತುಳಿದೆ. ಅಕ್ಕ ಮಾತ್ರ ನೋಡಿದರು.

"ಯಾಕ್ ಮೇಸ್ತ್ರಿ, ದಾರ ಈಚೆಗ್ ಬಂತು?"

"ಸುಮ್ಕಿರಕ್ಕ, ಒಳ್ಳೇದಕ್ಕೇ."

ಒಳ್ಳೇದಕ್ಕೇ ಅಂತ ನಾನು ನಿಜವಾಗಿ ನಂಬಿದ್ದೆ. ಕೆಟ್ಟ ಕೆಲಸ ಮಾಡುವಾಗ ಕೈ ನಡುಗುತ್ತಂತೆ, ನಂಗೆ ಹಂಗೇನೂ ಆಗಲಿಲ್ಲ. ಕಾಫಿ ಕುಡಿದು ಪಾಯ ತೋಡಿಸಿದೆ.

ಗೋಡೆ ಎದ್ದವು. ಸಂಜೆ ಸ್ಕೂಲು ಬಿಟ್ಟ ಮೇಲೆ ಟೀಚರಮ್ಮ ದಿನಾ ಬಂದು ರಸ್ತೆಯಿಂದಲೇ ನೋಡೋರು. ಕೆಂಪು ಇಟ್ಟಿಗೆ ಮೇಲೆ ಇಳಿಬಿಸಿಲು ಬಿದ್ದು ಗೋಡೆ ಝಗ್ ಅನ್ನೋದು. ದಾರಿಹೋಕರು ನಿಂತು ಮುಂದಿನ ಇಳಿಜಾರನ್ನ ನೋಡಿ "ಕಾರ್ ಹತ್ತಿಸ್ತೀರಾ?" ಅನ್ನೋರು. ಒಂದಡಿ ಏರೋಕೆ ಹನ್ನೆರಡು ಅಡಿ ಉದ್ದ ಇಳಿಜಾರು, ಕುರ್ಚಿಗೆ ಅಂತ. "ಆನೆ ಹತ್ತಿಸ್ತೀವಿ" ಅನ್ನೋರು ಟೀಚರಮ್ಮ. ಹೊಸಿಲು ಎತ್ತರ ಇದ್ದರೆ ಚಕ್ರ ತಡೆಯುತ್ತೆ ಅಂತ ಮರದ ಹೊಸಿಲನ್ನ ನೆಲದ ಮಟ್ಟಕ್ಕೇ ಹುದುಗಿಸಿದೆವು. ಅಜ್ಜಿ ಅದನ್ನ ಬಗ್ಗಿ ಮುಟ್ಟಿ ನೋಡಿ, "ಅರಿಶಿನ ಕುಂಕುಮ ಹಚ್ಚೋಕೆ ಜಾಗ ಇದೆಯಲ್ಲ, ಸಾಕು" ಅಂದರು. ಎಲ್ಲರೂ ಖುಷಿ. ನನಗಂತೂ ಸಿಂಹ ತಂದುಕೊಟ್ಟ ಗುಟ್ಟಿನ ಖುಷಿ ಬೇರೆ.

ಬಾಗಿಲು ಕಿಟಕಿ ಮೇಲಿನ ಲಿಂಟಲ್ ಮಟ್ಟ ಬಂದಾಗ ಛಾವಣಿ ಮಾತು ಬಂತು. ಕಬ್ಬಿಣದ ಫ್ರೇಮು, ಮೇಲೆ ಹೆಂಚು. ಫ್ರೇಮನ್ನ ತುಮಕೂರಾಚೆ ಕೋರದ ಕಡೆ ಒಂದು ವರ್ಕ್‌ಶಾಪಲ್ಲಿ ಮಿಷನ್ನೇ ಕತ್ತರಿಸಿ ತೂತು ಕೊರೆದು ಕಳಿಸುತ್ತೆ. ಆಮೇಲೆ ಒಂದಿಂಚೂ ಆಚೆ ಈಚೆ ಮಾಡೋ ಹಾಗಿಲ್ಲ. ಅದಕ್ಕೇ ಅಳತೆ ಕಳಿಸೋಕೆ ಮುಂಚೆ ಮೇಡಂ ಫೋನ್ ಎತ್ತಿ ಹಿಡ್ಕೊಂಡು ಗೋಡೆ ಸುತ್ತ ಮೆಲ್ಲಗೆ ನಡೆದರು. ಕಟ್ಟಿದ ಮನೆ ಚಿತ್ರ ಪ್ಲಾನಿನ ಚಿತ್ರದ ಮೇಲೆ ಕೂತ್ಕೊಳುತ್ತಂತೆ. ಎಲ್ಲಿ ಸರಿ ಇದೆಯೋ ಅಲ್ಲಿ ಹಸಿರು, ಎಲ್ಲಿ ತಪ್ಪಿದೆಯೋ ಅಲ್ಲಿ ಕೆಂಪು.

ಮೂರು ಗೋಡೆ ಹಸಿರು ಬಂತು. ಪಡುವಣ ಗೋಡೆ ಈ ಮೂಲೆಯಿಂದ ಆ ಮೂಲೆಗೆ ಕೆಂಪು.

ಮೇಡಂ ಮುಖ ಬಿಳಿಚಿಕೊಳ್ತು. ಲೇಸರ್ ಟೇಪ್ ಹಿಡಿದು ಮತ್ತೆ ಅಳೆದರು, ಇನ್ನೊಂದು ಸಲ ಅಳೆದರು. "ಆರಿಂಚು ಕಮ್ಮಿ ಇದೆ ಮೇಸ್ತ್ರಿ. ಆವತ್ತು ಮೀಟರ್‌ನಿಂದ ಅಡಿ ಮಾಡುವಾಗ ನಾನೇ ತಪ್ಪು ಓದಿದೆನೇನೋ" ಅಂದರು. ಅಕ್ಕ ಗಾರೆ ಕಲಸೋದು ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ.

ಅಷ್ಟು ಹೊತ್ತಿಗೆ ಟೀಚರಮ್ಮ ಬಂದರು. ಹಲಗೆ ಹಾಸಿ ಅವರನ್ನ ಒಳಗೆ ಕರ್ಕೊಂಡೆವು. ಬಚ್ಚಲಲ್ಲಿ ಐದಡಿ ಮೂರಿಂಚು ಇರಬೇಕಾದದ್ದು ನಾಲ್ಕಡಿ ಒಂಬತ್ತಿಂಚಾಗಿತ್ತು. ಕುರ್ಚಿ ಒಳಗೆ ಹೋಯ್ತು. ತಿರುಗಿಸಿದರು. ಕಾಲಿಡೋ ಕಂಬಿ ಟಣ್ ಅಂತ ಗೋಡೆಗೆ ಹೊಡೀತು. ಹಿಂದಕ್ಕೆ ತಗೊಂಡರು, ಹಿಂದಿನ ಚಕ್ರ ಹೊಡೀತು. ಮತ್ತೆ ಮುಂದಕ್ಕೆ, ಮತ್ತೆ ಟಣ್. ಮೂರು ಸಲ ನೋಡಿದರು. ಆಮೇಲೆ ಮುಖದ ಬೆವರು ಒರೆಸ್ಕೊಂಡು ಮೇಡಂ ಕಡೆ ತಿರುಗಿ ನಕ್ಕರು.

"ಪರವಾಗಿಲ್ಲ ಬಿಡಮ್ಮ. ಬೇಜಾರ್ ಮಾಡ್ಕೋಬೇಡ. ಅಮ್ಮ ಇದಾರಲ್ಲ."

ಬೈದಿದ್ದರೆ ತಡ್ಕೋಬಹುದಿತ್ತು. ಅಜ್ಜಿ ಸೊಂಟದ ಮೇಲೆ ಕೈ ಇಟ್ಕೊಂಡು ಬಾಗಿಲಲ್ಲೇ ನಿಂತಿದ್ದರು.

ಆ ಸಂಜೆ ಬಸ್ಸಲ್ಲಿ ಗುಬ್ಬಿಯಿಂದ ತುಮಕೂರಿಗೆ, ತುಮಕೂರಿಂದ ಕುಣಿಗಲ್ಲಿಗೆ ಬರೋವರೆಗೂ ನನ್ನ ಕಿವೀಲಿ ಟಣ್ ಟಣ್ ಅಂತಲೇ ಇತ್ತು. ಕುಣಿಗಲ್ ಕೆರೆ ದಾಟಿದ್ದೂ ಗೊತ್ತಾಗಲಿಲ್ಲ. ಬಾಯಿ ಮುಚ್ಕೊಂಡಿದ್ದರೆ ಯಾರಿಗೂ ಗೊತ್ತಾಗಲ್ಲ. ತಪ್ಪು ಮೇಡಂ ತಲೆ ಮೇಲೆ ಹೋಗುತ್ತೆ, ಮೊದಲನೇ ಸೈಟು, ಬೈಸ್ಕೋತಾರೆ, ಮರೀತಾರೆ. ಇನ್ನೊಂದು ಕಡೆ, ಈ ಮನೆ ಕಟ್ಟಿಸಿದ್ದೇ ಒಂದು ಚಿಲಕಕ್ಕೋಸ್ಕರ. ಆ ಚಿಲಕ ಹಾಕೋಕೆ ಜಾಗ ಇಲ್ಲದ ಮೇಲೆ ಸಿಂಹ ಇದ್ದು ಏನು ಮಾಡುತ್ತೆ, ಬಾಗಿಲಲ್ಲಿ ಕೂತು ಮನೆ ಕಾಯುತ್ತಾ? ಹಿಂದೆ ಎಷ್ಟೋ ತಪ್ಪನ್ನ ಪ್ಲಾಸ್ಟರ್ ಬಳಿದು ಮುಚ್ಚಿದೀನಿ. ಈ ಮನೇಲಿ ಬಳಿಯೋಕೆ ಪ್ಲಾಸ್ಟರೂ ಇರಲಿಲ್ಲ. ಬಸ್ ಇಳಿಯೋ ಹೊತ್ತಿಗೆ ಹೇಳಿಬಿಡೋದು ಅಂತ ಗಟ್ಟಿ ಮಾಡ್ಕೊಂಡೆ.

ಬೆಳಗ್ಗೆ ಸ್ಕೂಲಿಗೆ ಹೋಗೋ ದಾರೀಲಿ ಟೀಚರಮ್ಮ ಬಂದರು, ಅಜ್ಜಿ ಜೊತೆಗಿದ್ದರು. ಮೇಡಂ ಕಣ್ಣು ಊದಿತ್ತು. ಎಲ್ಲರ ಮುಂದೆ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡ್ಕೊಂಡೆ.

"ನೀವ್ ಓದಿದ್ದು ಸರಿಯಾಗೇ ಇತ್ತು ಕಣಮ್ಮ" ಅಂದೆ. ಮೇಡಂ ಅನ್ನೋದೂ ಮರೆತುಹೋಗಿತ್ತು. "ಗೂಟ ಕಿತ್ತು ಒಳಕ್ ಹೊಡೆದವ್ನು ನಾನು."

"ಯಾಕೆ?"

"ಆಯಕ್ಕೆ."

ಮೇಡಂಗೆ ಸಿಟ್ಟು ಬಂತು ನೋಡಿ! "ಆಯಾನಾ? ನಮ್ಮಂಗಡಿಗೆ ಬರೋ ಮೇಸ್ತ್ರಿಗಳು ಹತ್ತು ಜನ ಸೇರಿದ್ರೆ ಒಂಬತ್ತು ಜನ ಆಯದ್ದೇ ಮಾತಾಡ್ತಾರೆ. ನಂಗೇನ್ ಗೊತ್ತಿಲ್ವಾ? ನನ್ನನ್ನ ಒಂದ್ ಮಾತು ಕೇಳಿದ್ರೆ ಪ್ಲಾನಲ್ಲೇ ಹಾಕ್ಕೊಡ್ತಿದ್ನಲ್ಲ ಮೇಸ್ತ್ರಿ! ಒಂದ್ ಮಾತು!"

ತಲೆ ತಗ್ಗಿಸಿದೆ. ಅದೊಂದು ಮಾತು ನನಗೆ ಹೊಳೆದೇ ಇರಲಿಲ್ಲ. ಫೋನಲ್ಲಿ ಮನೆ ಕಟ್ಟೋರಿಗೆ ಆಯದ ವಿಷಯ ಹೇಳಿದರೆ ನಗ್ತಾರೆ ಅಂತ ನಾನೇ ತೀರ್ಮಾನ ಮಾಡ್ಕೊಂಡಿದ್ದೆ.

"ಮೇಸ್ತ್ರೀನ ಬಯ್ಬೇಡಿ, ಕೇಳಿದ್ದು ನಾನು" ಅಂದರು ಅಜ್ಜಿ. ಮಗಳ ಕಡೆ ತಿರುಗಿದರು. "ನಿಂಗೆ ಒಳ್ಳೇದಾಗ್ಲಿ ಅಂತ ಕೇಳ್ದೆ ಕಣೇ. ಬಚ್ಚಲಿಂದ ಕೀಳ್ತಾರೆ ಅಂತ ನಂಗೇನ್ ಗೊತ್ತಿತ್ತು?"

ಟೀಚರಮ್ಮ ತಾಯಿಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಕ್ಲಾಸಲ್ಲಿ ಕೊನೇ ಬೆಂಚಿನವರನ್ನ ಕೇಳೋ ಹಾಗೆ ಕೇಳಿದರು.

"ಮೊದ್ಲು ಏನ್ ಆಯ ಇತ್ತು?"

"ಖರಾಯ."

"ಖರ ಅಂದ್ರೆ?"

"ಕತ್ತೆ ಟೀಚರಮ್ಮ."

ಟೀಚರಮ್ಮ ನಕ್ಕರು ನೋಡಿ, ಕುರ್ಚಿ ಅಲ್ಲಾಡೋ ಹಾಗೆ. "ಹದಿನಾಲ್ಕ್ ವರ್ಷ ಹತ್ತನೇ ಕ್ಲಾಸ್ ಪೇಪರ್ ತಿದ್ದೋಳಿಗೆ ಸರಿಯಾದ ಆಯ ಅಲ್ವೇನ್ರಿ ಅದು! ಸೂತ್ರ ಹೇಳಿ, ನೋಡೋಣ."

ಹೇಳಿದೆ. ಅವರು ಬ್ಯಾಗಿಂದ ಸೀಮೆಸುಣ್ಣ ತೆಗೆದು ಲಿಂಟಲ್ ಹಲಗೆ ಮೇಲೆ ಬರೆದರು. ಎರಡೇ ನಿಮಿಷ. ತಲೆ ಎತ್ತಿ, "ಮೇಸ್ತ್ರಿ, ಒಂಬತ್ತರಿಂದ ಯಾಕ್ ಗುಣಿಸ್ತೀರಾ?" ಅಂದರು.

"ಅದು ಪದ್ಧತಿ."

"ಗುಣಿಸ್ದೇ ಸುಮ್ನೆ ಎಂಟರಿಂದ ಭಾಗಿಸಿದ್ರೂ ಅಷ್ಟೇ ಉಳಿಯುತ್ತೆ. ನೋಡಿ, ಆರುನೂರ ಮೂವತ್ತೆಂಟು. ಎಂಟರಿಂದ ಭಾಗಿಸಿದ್ರೆ ಆರು. ನಿಮ್ ಸಿಂಹ ಆರುನೂರ ಇಪ್ಪತ್ತೇಳು. ಮೂರು. ಒಂಬತ್ತು ಅಂದ್ರೆ ಎಂಟು ಕೂಡ್ಸು ಒಂದು ತಾನೆ? ಆ ಎಂಟರ ಪಾಲು ಪೂರ್ತಿ ಭಾಗ ಆಗಿ ಹೋಗುತ್ತೆ. ಎಷ್ಟು ವರ್ಷದಿಂದ ಗುಣಿಸ್ತಾ ಇದೀರಾ?"

"ಮೂವತ್ತು."

"ಮೂವತ್ ವರ್ಷ ದಂಡ!"

ಅಕ್ಕ ಸೆರಗು ಬಾಯಿಗೆ ಅಡ್ಡ ಇಟ್ಟು ನಕ್ಕರು. ಮೇಡಂ ಕೂಡ ನಕ್ಕುಬಿಟ್ಟರು. ನನ್ನ ಕಿವಿ ಬಿಸಿಯಾಯ್ತು. ಆದರೆ ಟೀಚರಮ್ಮನ ಕೈ ನಿಂತಿರಲಿಲ್ಲ, ಇನ್ನೊಂದು ಲೆಕ್ಕ ಬರೀತಾ ಇತ್ತು. "ನೀವು ಅರ್ಧ ಅಡಿ ಕಳೆದ್ರಿ. ಕೂಡಿದ್ರೆ ಏನಾಗುತ್ತೆ? ಇಪ್ಪತ್ತೊಂಬತ್ತೂವರೆ ಇಂಟು ಇಪ್ಪತ್ತೆರಡು, ಆರುನೂರ ನಲವತ್ತೊಂಬತ್ತು. ಎಂಟರಿಂದ ಭಾಗಿಸಿದ್ರೆ ಒಂದು ಉಳೀತು. ಒಂದು ಅಂದ್ರೆ ಏನು?"

"ಧ್ವಜಾಯ" ಅಂದೆ. "ಎಲ್ಲಾದಕ್ಕಿಂತ ದೊಡ್ಡದು."

ಅಜ್ಜಿ ಅಲ್ಲೇ ಕೈ ಮುಗಿದರು. ನಾನು ಹಣೆ ಚಚ್ಕೊಂಡೆ. ನೆನಪಿದ್ದಾಗಿಂದ ಇಕ್ಕಟ್ಟು ಸೈಟಲ್ಲೇ ಮನೆ ಕಟ್ಟಿದವನು ನಾನು, ಆಯ ಹೊಂದಿಸೋದು ಅಂದ್ರೆ ಕೀಳೋದು ಅಂತಲೇ ನನ್ನ ಕೈಗೆ ಕೂತಿತ್ತು. ಕೂಡಿಸಬಹುದು ಅಂತ ಒಂದು ದಿನಕ್ಕೂ ಹೊಳೆದಿರಲಿಲ್ಲ.

ಮೇಡಂ ಆಗಲೇ ಪಡುವಣ ಕಾಂಪೌಂಡಿಗೆ ಲೇಸರ್ ಬಿಟ್ಟು ನೋಡ್ತಾ ಇದ್ದರು. ಪ್ಲಾನಲ್ಲಿ ಮೂರೂವರೆ ಅಡಿ ಖಾಲಿ ಬಿಟ್ಟಿದ್ದರು, ಮೂರು ಅಡಿ ಉಳಿದರೆ ಸಾಕು. ಕೋರಕ್ಕೆ ಫೋನ್ ಹಾಕಿ "ಇನ್ನೂ ಕತ್ತರಿಸ್ಬೇಡಿ, ಹೊಸ ಅಳತೆ ಕಳಿಸ್ತೀನಿ" ಅಂದರು. ಆಮೇಲೆ ನನ್ನ ಕಡೆ ನೋಡಿದರು. ಅಂದ್ರೆ ಈಗ ಇರೋ ಗೋಡೆ ಪೂರ್ತಿ ತೆಗೆದು, ಒಂದಡಿ ಆಚೆಗೆ ಕಟ್ಟಬೇಕು. ಲಿಂಟಲ್ ಮಟ್ಟದ ಗೋಡೆ, ಇಪ್ಪತ್ತೆರಡು ಅಡಿ ಉದ್ದ.

"ಕಟ್ಟಿದ್ ಕೈಲೇ ಕೆಡವಾನ ಬುಡಿ" ಅಂತ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅರ್ಧ ಗೋಡೆ ಅವರದ್ದೇ, ಅವರು ಮೊದಲ ಸಲ ಕರಣೆ ಹಿಡಿದು ಕಟ್ಟಿದ್ದು. ನನಗೆ ಅದೂ ಚುಚ್ಚಿತು. "ನಿಂದೇನ್ ತಪ್ಪಕ್ಕ ಇದ್ರಲ್ಲಿ" ಅಂದರೆ, "ದಾರ ಈಚೆಗ್ ಬಂದಿದ್ ನೋಡ್ದೆ. ಸುಮ್ಕಿರು ಅಂದ್ರಿ, ಸುಮ್ಕಾದೆ. ಇನ್ಮೇಲ್ ಸುಮ್ಕಿರಲ್ಲ" ಅಂದರು. ಹೇಳಿದ ಹಾಗೇ ಆವತ್ತಿಂದ ಸುಮ್ಮನಿದ್ದೂ ಇಲ್ಲ.

ಕೆಡವೋವಾಗ ಒಂದು ವಿಷಯ ಕಂಡು ಬಾಯಿ ಮೇಲೆ ಬೆರಳಿಟ್ಟೆ. ಸುಟ್ಟ ಇಟ್ಟಿಗೆಗೆ ಪೂರಾ ಸಿಮೆಂಟ್ ಗಾರೆ ಹಾಕಿದ ಗೋಡೆ ಆಗಿದ್ದರೆ ಸುತ್ತಿಗೆ ಏಟಿಗೆ ಅರ್ಧಕ್ಕರ್ಧ ಪುಡಿ. ಇದು ಮಣ್ಣು ಬೆರೆಸಿದ ಗಾರೆ. ಸಂದಿಗೆ ಉಳಿ ಇಟ್ಟು ಮೀಟಿದರೆ ಇಟ್ಟಿಗೆ ಇಡಿಯಾಗಿ ಕೈಗೆ ಬರೋದು. ಬ್ರಷ್ಷಲ್ಲಿ ಉಜ್ಜಿ ಸಾಲಾಗಿ ಪೇರಿಸಿದೆವು. ಒಡೆದವು ಎರಡು ಬಾಂಡ್ಲಿ ಆಗಲಿಲ್ಲ, ಅವನ್ನೂ ಇಳಿಜಾರಿನ ಹೊಟ್ಟೆಗೆ ತುಂಬಿದೆವು. ಹಳೇ ಪಾಯಕ್ಕೆ ತಾಗಿಸಿ ಹೊಸ ಪಾಯ ತೋಡಿ, ಸೈಜ್ ಕಲ್ಲು ಕೂರಿಸಿ, ಎರಡರ ಮೇಲೂ ಹಾಯುವ ಹಾಗೆ ಕಂಬಿ ಕಟ್ಟಿ ಕಾಂಕ್ರೀಟ್ ಬೆಲ್ಟ್ ಹಾಕಿದೆವು. ಈ ಸಲ ಗೂಟ ಹೊಡೆಯುವಾಗ ಮೇಡಂ ಒಂದು ಕಡೆ, ಅಕ್ಕ ಒಂದು ಕಡೆ, ಅಜ್ಜಿ ಕುರ್ಚಿ ಹಾಕ್ಕೊಂಡು ಮಧ್ಯೆ. ಕಳ್ಳನ್ನ ಕಾಯೋ ಹಾಗೆ ಕಾದರು ನನ್ನನ್ನ. ಕೆಡವಿ ಕಟ್ಟಿದ್ದು ನನ್ನ ಪಾಲಿನ ಕೆಲಸ ಅಂತ ನಾನೇ ಮೊದಲೇ ಹೇಳಿದ್ದೆ, ಯಾರೂ ಬೇಡ ಅನ್ನಲಿಲ್ಲ.

ಕೋರದಿಂದ ಫ್ರೇಮು ಬಂದ ದಿನ ಬೋಲ್ಟ್ ಒಂದೊಂದೂ ತೂತಿಗೆ ಬೆಣ್ಣೆ ಥರ ಇಳೀತು. ಹೆಂಚು ಹೊದಿಸಿ, ಬಚ್ಚಲಿಗೆ ಜಾರದ ಟೈಲ್ಸ್ ಹಾಕಿ, ಗೋಡೆಗೆ ಹಿಡ್ಕೊಳ್ಳೋ ಕಂಬಿ ಕೂರಿಸಿದೆವು. ಬಾಗಿಲು ಮೂರಡಿ, ಹೊರಕ್ಕೆ ತೆರೆಯೋದು. ಚಿಲಕ ಮಾತ್ರ ನಾನೇ ಕೂರಿಸ್ತೀನಿ ಅಂತ ಹಟ ಹಿಡಿದು ತಗೊಂಡೆ. ಎಲ್ಲರ ಮನೇಲಿ ಹಾಕೋ ಎತ್ತರಕ್ಕೆ ಹಾಕದೆ, ಟೀಚರಮ್ಮ ಕುರ್ಚೀಲಿ ಕೂತಾಗ ಕೈ ಸಹಜವಾಗಿ ಎಲ್ಲಿಗೆ ಬರುತ್ತೋ ಅಲ್ಲಿಗೆ ಗುರುತು ಹಾಕಿ ಕೂರಿಸಿದೆ. ಎಣ್ಣೆ ಬಿಟ್ಟು ಹತ್ತು ಸಲ ಎಳೆದು ನೋಡಿದೆ.

ಹಾಲು ಉಕ್ಕಿಸಿದ ದಿನ ಬಂದಿದ್ದವರು ಬಹಳ ಜನ ಇಲ್ಲ. ಪೂಜೆ ಮುಗಿದು ಎಲೆ ಹಾಕೋಕೆ ಮುಂಚೆ ಟೀಚರಮ್ಮ ಯಾರಿಗೂ ಏನೂ ಹೇಳದೆ ಕುರ್ಚಿ ತಿರುಗಿಸಿಕೊಂಡು ಬಚ್ಚಲ ಕಡೆ ಹೊರಟರು. ಚಕ್ರದ ಸದ್ದು ಕೇಳಿದ್ದೇ ತಡ, ಮಾತಾಡ್ತಾ ಕೂತಿದ್ದ ಅಜ್ಜಿ ದಡಕ್ಕನೆ ಎದ್ದರು. ಹನ್ನೆರಡು ವರ್ಷದ ಅಭ್ಯಾಸ. ಎರಡು ಹೆಜ್ಜೆ ಹೋದವರು ಹಾಗೇ ನಿಂತರು.

ಬಾಗಿಲು ಮುಚ್ಚಿಕೊಳ್ತು. ಒಳಗಿಂದ ಚಿಲಕ ಟಕ್ ಅಂತು.

ನಾನು, ಮೇಡಂ, ಅಕ್ಕ, ಮೂರೂ ಜನ ಏನೋ ಕೆಲಸ ಇದ್ದವರ ಥರ ಬಾಗಿಲ ಹತ್ರ ಹೋದೆವು. ಒಳಗೆ ಚಕ್ರ ಸರ್ ಅಂತ ಉರುಳೋ ಸದ್ದು. ಟಣ್ ಅನ್ನುತ್ತೇನೋ ಅಂತ ನಾನು ಹಲ್ಲು ಕಚ್ಕೊಂಡು ನಿಂತಿದ್ದೆ. ಅನ್ನಲಿಲ್ಲ. ಒಂದು ಸುತ್ತು ಪೂರ್ತಿ ಆಯ್ತು. ನಲ್ಲಿ ಬಿಟ್ಟ ಸದ್ದು. ಮತ್ತೆ ಸ್ವಲ್ಪ ಹೊತ್ತು ಏನೂ ಇಲ್ಲ. ಅಜ್ಜಿ ನನ್ನ ತೋಳು ಹಿಡ್ಕೊಂಡಿದ್ದರು, ಉಗುರು ನಾಟೋ ಹಾಗೆ. ಕೂಗ್ತಾಳೆ ಅಂತ ಕಾಯ್ತಾ ಇದ್ದರು.

ಕೂಗು ಬಂತು.

"ಬಾಗ್ಲ ಹೊರಗೆ ಯಾರ್ಯಾರ್ ನಿಂತಿದೀರಾ ಅಂತ ನಂಗೊತ್ತು! ನಾಚಿಕೆ ಆಗಲ್ವಾ? ಹೋಗಿ ಪಾಯಸ ತಿನ್ನಿ, ಮೇಸ್ತ್ರಿ ನೀವೂ! ಅಮ್ಮಾ, ನೀನು ಮೊದ್ಲು ಕೂತ್ಕೋ!"

ಪೆಟ್ಟು ಬೀಳುತ್ತೇನೋ ಅನ್ನೋ ಹಾಗೆ ಓಡಿದೆವು. ಸೈಟಿಂದ ನನ್ನನ್ನ ಯಾರೂ ಹಂಗೆ ಓಡಿಸಿದ್ದಿಲ್ಲ, ಓಡಿಸಿದ್ದಕ್ಕೆ ಹಂಗೆ ಖುಷಿ ಪಟ್ಟಿದ್ದೂ ಇಲ್ಲ. ಅಜ್ಜಿ ಎಲೆ ಮುಂದೆ ಕೂತರು. ಕೈ ತೊಡೆ ಮೇಲಿಟ್ಟು, ಮುಂದೇನು ಮಾಡಬೇಕು ಅಂತ ತೋಚದವರ ಹಾಗೆ ಒಂದು ಸಲ ನನ್ನನ್ನ, ಒಂದು ಸಲ ಮುಚ್ಚಿದ ಬಾಗಿಲನ್ನ ನೋಡಿದರು. ಅಕ್ಕ ಅವರ ಎಲೆಗೆ ಪಾಯಸ ಬಡಿಸಿದರು.

"ಬಿಸಿ ಬಿಸಿ ಊಟ ಮಾಡಿ ಎಷ್ಟು ವರ್ಷ ಆಯ್ತೋ ಮೇಸ್ತ್ರಿ" ಅಂದರು ಅಜ್ಜಿ. "ತುತ್ತು ಎತ್ತೋ ಹೊತ್ಗೇ ಕರೀತಿದ್ಲು."

ಅವತ್ತು ಅಜ್ಜಿ ಎರಡು ಸಲ ಪಾಯಸ ಹಾಕಿಸಿಕೊಂಡರು. ಮಧ್ಯೆ ಒಂದು ಸಲವೂ ಏಳಲಿಲ್ಲ.